ರಂಜಕದ ವೆಚ್ಚ ಲೆಕ್ಕ: ಭರಣಿಯಲ್ಲಿ ಕಳೆದ ಕಾಲಕ್ಕೂ ಬೆಲೆಯುಂಟು

ವಿಜಯನಗರ, ರಾಜಾಜಿನಗರಗಳ ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಜೋಳದ ರೊಟ್ಟಿಯ ಜೊತೆ ಬಡಿಸುವ ಕೆಂಪು ರಂಜಕವು ಈಗ ಬಾಟಲಿಗಳಲ್ಲಿಯೂ ಮಾರಾಟವಾಗುತ್ತಿದೆ. ಬೇಡಿಕೆಯಿದ್ದರೂ ಇಂತಹ ಸರಕಿನ ಸಣ್ಣ ಉತ್ಪಾದಕರ ಕೈಯಲ್ಲಿ ಹಣ ನಿಲ್ಲದಿರುವುದಕ್ಕೆ ಒಂದು ಕಾರಣ ಬೆಲೆ ನಿಗದಿಯಲ್ಲಿಯೇ ಇದೆ.

ತಯಾರಿಕೆ ಸರಳವಾದುದು. ಚಳಿಗಾಲದಲ್ಲಿ ಬರುವ ಹಣ್ಣು ಮೆಣಸಿನಕಾಯಿಯನ್ನು ತೊಳೆದು, ನೀರಿನ ಪಸೆ ಆರಿಸಿ, ತೊಟ್ಟು ತೆಗೆದು, ಉಪ್ಪು, ಮೆಂತ್ಯ, ಹುಣಸೆ ಅಥವಾ ನಿಂಬೆಹುಳಿಯೊಡನೆ ರುಬ್ಬಿ ಭರಣಿಗೆ ತುಂಬುತ್ತಾರೆ. ಬೆಲ್ಲ ಸೇರಿಸುವುದೂ ಉಂಟು. ಕೊಳೆಸುವ ಸೂಕ್ಷ್ಮಜೀವಿಗಳನ್ನು ಉಪ್ಪು ತಡೆಯುತ್ತದೆ, ಹುಳಿ ಬರಿಸುವವು ಉಪ್ಪನ್ನು ಸಹಿಸಿ ಬೆಳೆಯುತ್ತವೆ. ಉಪ್ಪಿನಲ್ಲಿ ಉಳಿತಾಯ ಮಾಡಹೊರಟವರು ಸರಕನ್ನೇ ಕಳೆದುಕೊಳ್ಳುತ್ತಾರೆ.

ಇದೇ ತತ್ತ್ವವನ್ನು ಆಧರಿಸಿದ ಜಗತ್ಪ್ರಸಿದ್ಧ ಸಾಸ್ ಅಮೆರಿಕದ ಟಬಾಸ್ಕೊ. ಲೂಯಿಸಿಯಾನಾದ ಏವರಿ ದ್ವೀಪದಲ್ಲಿ ಎಡ್ಮಂಡ್ ಮೆಕಿಲ್ಹೆನಿ ಎಂಬ ಮಾಜಿ ಬ್ಯಾಂಕರ್ 1868ರಲ್ಲಿ ಮಾರಾಟಕ್ಕಾಗಿ ಮೊದಲ ಬೆಳೆ ತೆಗೆದು, 1870ರಲ್ಲಿ ಪೇಟೆಂಟ್ ಪಡೆದನು. ಮೆಣಸಿನಕಾಯಿ, ಉಪ್ಪು, ವಿನೆಗರ್ ಇವು ಮೂರೇ ಪದಾರ್ಥಗಳು. ಕೊಯ್ಲಿನವರು ಕೆಂಪು ಬಣ್ಣ ಬಳಿದ ಚಿಕ್ಕ ಕೋಲನ್ನು ಕಾಯಿಯ ಪಕ್ಕ ಹಿಡಿದು, ಬಣ್ಣ ಹೊಂದಿದರೆ ಮಾತ್ರ ಕೀಳುವ ಪದ್ಧತಿ ಅಲ್ಲಿಯದು. ಅರೆದ ಮುದ್ದೆಯನ್ನು ಓಕ್ ಮರದ ಪೀಪಾಯಿಗಳಲ್ಲಿ ತುಂಬಿ, ಮುಚ್ಚಳದ ಮೇಲೆ ಉಪ್ಪಿನ ಪದರ ಹಾಕಿ, ಮೂರು ವರ್ಷಗಳವರೆಗೆ ಇಡುತ್ತಾರೆ. ಬಳಿಕವೇ ವಿನೆಗರ್ ಬೆರೆಸಿ, ವಾರಗಟ್ಟಲೆ ಕಲಕಿ ಸೋಸುವುದು. ಒಂದೂವರೆ ಶತಮಾನದ ನಂತರವೂ ಸಂಸ್ಥೆ ಅದೇ ಕುಟುಂಬದ ಒಡೆತನದಲ್ಲಿದೆ. ರುಚಿ ಬದಲಾಗದಿರುವುದೇ ಅದರ ಜನಪ್ರಿಯತೆಯ ಗುಟ್ಟೆನ್ನಬಹುದು; ಆದರೆ ಆ ರುಚಿಗಾಗಿ ಮೂರು ವರ್ಷ ಸಿಲುಕುವ ಬಂಡವಾಳದ ವೆಚ್ಚವನ್ನು ಬಾಟಲಿಯ ಬೆಲೆಯೇ ಹೊರಬೇಕು.

ರಂಜಕದ ಲೆಕ್ಕವೂ ಹೀಗೆಯೇ. ಉದಾಹರಣೆಗೆ, ಉತ್ಪಾದಕನೊಬ್ಬನು ಜನವರಿಯಲ್ಲಿ ಸಾಮಗ್ರಿ, ಕೂಲಿ ಸೇರಿ 3,00,000 ರೂಪಾಯಿ ತೊಡಗಿಸಿ 2,000 ಕಿಲೋ ರಂಜಕ ತಯಾರಿಸಿದನೆನ್ನೋಣ. ಕಿಲೋಗೆ ಬೀಳುವ ವೆಚ್ಚ 150 ರೂ. ವರ್ಷವಿಡೀ ಸಮನಾಗಿ ಮಾರಾಟವಾದರೆ ಸರಾಸರಿ ಅರ್ಧದಷ್ಟು ಹಣ ವರ್ಷಪೂರ್ತಿ ಸರಕಿನಲ್ಲಿ ಸಿಲುಕಿರುತ್ತದೆ. ಶೇ. 12ರ ದರದಲ್ಲಿ ಬಡ್ಡಿ 18,000 ರೂ., ಅಂದರೆ ಕಿಲೋಗೆ 9 ರೂ. ಸಗಟು ಬೆಲೆ 160 ರೂ. ಇಟ್ಟವನು ತನಗೆ ಕಿಲೋಗೆ 10 ರೂ. ಲಾಭವೆಂದು ಭಾವಿಸಿರುತ್ತಾನೆ, ಅದರಲ್ಲಿ 9 ರೂ. ಬ್ಯಾಂಕಿನದು. ಅಂಗಡಿಯವರಿಗೆ ಕೊಟ್ಟ ಉದ್ದರಿಯ ದಿನಗಳು ಇದರಲ್ಲಿ ಸೇರಿಲ್ಲ.

ಬೆಲೆ ನಿಗದಿಯೇ ಬೇರೆ, ದಾಸ್ತಾನಿನ ಮೌಲ್ಯಮಾಪನವೇ ಬೇರೆ. ಲೆಕ್ಕಪತ್ರ ಮಾನಕ 2ರ ಪ್ರಕಾರ, ತಯಾರಿಕೆಯ ಮುಂದಿನ ಹಂತಕ್ಕೆ ಮೊದಲು ಅನಿವಾರ್ಯವಾದ ಸಂಗ್ರಹಣಾ ವೆಚ್ಚವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸಬಹುದು. ಸಿದ್ಧ ಸರಕಿನ ಗೋದಾಮು ಬಾಡಿಗೆಯನ್ನು ಸೇರಿಸಲಾಗದು. ಬಡ್ಡಿಗೆ ಮಾನಕ 16 ಅನ್ವಯಿಸುತ್ತದೆ. ಸಿದ್ಧವಾಗಲು ಸಾಮಾನ್ಯವಾಗಿ ಹನ್ನೆರಡು ತಿಂಗಳು ಬೇಕಾಗುವ ಸರಕಿಗೆ ಮಾತ್ರ ಬಡ್ಡಿ ಕೂಡಿಸಲು ಅವಕಾಶ. ಮೂರು ವರ್ಷದ ಪೀಪಾಯಿಗೆ ಅದು ಒಪ್ಪುತ್ತದೆ, ಕೆಲವೇ ದಿನಗಳಲ್ಲಿ ಹದಗೊಳ್ಳುವ ರಂಜಕಕ್ಕೆ ಒಪ್ಪದು. ಆದುದರಿಂದ ಈ 9 ರೂಪಾಯಿ ದಾಸ್ತಾನು ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ವರ್ಷಾಂತ್ಯದಲ್ಲಿ ಲಾಭನಷ್ಟದ ಖಾತೆಯಲ್ಲಿ ಒಟ್ಟು ಬಡ್ಡಿಯೊಳಗೆ ಬೆರೆತುಹೋಗಿರುತ್ತದೆ.

ಪ್ರತಿಯೊಂದು ಭರಣಿಗೂ ಸಂಖ್ಯೆ ಕೊಟ್ಟು, ತುಂಬಿದ ದಿನಾಂಕ, ತೂಕ, ತೆರೆದ ದಿನಾಂಕ, ಬೂಷ್ಟು ಹಿಡಿದು ಹೊರಗೆಸೆದ ಪ್ರಮಾಣ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಹಂಗಾಮಿನ ಬೆಲೆಯನ್ನು ಊಹೆಯಿಂದ ಕಟ್ಟಬೇಕಾಗುವುದಿಲ್ಲ.