ಇಂದ್ರಿಯಗಳ ಬೆರಕೆಯೂ ಮಿಶ್ರಾರ್ಪಣವೂ

ಮಾತಿಗೆ ರುಚಿಯುಂಟೆ? ಇಲ್ಲವೆಂದು ವಾದಿಸುವವನೂ ದಿನಕ್ಕೆ ಹತ್ತು ಸಲ ಸವಿನುಡಿ, ಕಟುನುಡಿ ಎನ್ನುತ್ತಾನೆ. ಬಿರುಸು ಮಾತೆಂದಾಗ ಚರ್ಮದ ಅನುಭವವು ಕಿವಿಗೆ ಸಂದಿತು. ಹಸುರು ಕಣ್ಣಿಗೆ ತಂಪೆಂದಾಗ ಅದೇ ಚರ್ಮದ ಸೊತ್ತು ಕಣ್ಣಿಗೆ ಹೋಯಿತು. ಈ ಕೊಡುಕೊಳ್ಳುವಿಕೆಗೆ ಒಂದು ದಿಕ್ಕುಂಟು. ನಾಲಗೆ ಮತ್ತು ಚರ್ಮದ ಮಾತುಗಳು ಕಣ್ಣು ಕಿವಿಗಳತ್ತ ಹೋಗುವುದೇ ಹೆಚ್ಚು, ಮರಳಿ ಬರುವುದು ವಿರಳ. ಸಿಹಿಯಾದ ದನಿಯೆನ್ನುತ್ತೇವೆ, ದನಿಯುಳ್ಳ ಸಿಹಿಯೆಂದು ಯಾರೂ ಹೇಳರು. ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಕವಿಗಳನ್ನು ಪರಿಶೀಲಿಸಿದ ಭಾಷಾವಿದ್ವಾಂಸ ಸ್ಟೀಫನ್ ಉಲ್ಮನ್ ಅವರೂ ಬಹುಮಟ್ಟಿಗೆ ಇದನ್ನೇ ಕಂಡರು. ಶಬ್ದ ಕೇಳಿದೊಡನೆ ನಿಜವಾಗಿಯೂ ಬಣ್ಣ ಕಾಣುವ ಕೆಲವರು ಲೋಕದಲ್ಲಿರುವರು. ಅದು ಬೇರೆಯ ವಿಷಯ.

ಬಸವಣ್ಣನವರು ನುಡಿಯು ಹೇಗಿರಬೇಕೆಂದು ಹೇಳಿದ ವಚನವನ್ನು ಅರಿಯದ ಕನ್ನಡಿಗರು ವಿರಳ. ಅಲ್ಲಿ ನುಡಿಗೆ ಸಮನಾಗಿ ಬಂದವು ಮುತ್ತು, ಮಾಣಿಕ್ಯ, ಸ್ಫಟಿಕ. ಮೂರೂ ಕಣ್ಣಿನ ವಸ್ತುಗಳು. ಹಾರದಲ್ಲಿ ಪೋಣಿಸಿದ ಕ್ರಮ, ಮಾಣಿಕ್ಯದಲ್ಲಿ ಬೆಳಕು, ಸ್ಫಟಿಕದಲ್ಲಿ ಆಚೆಯದು ಕಾಣುವ ನಿರ್ಮಲತೆ. ಹೀಗೆ ಕಿವಿಯ ವಿಷಯವು ಮೂರು ಬಗೆಯಾಗಿ ಕಣ್ಣಿಗೆ ತೋರಿತು. ಬಳಿಕ ಆ ನುಡಿಯನ್ನು ಲಿಂಗವೇ ಮೆಚ್ಚಬೇಕೆನ್ನುತ್ತಾರೆ. ಕರಸ್ಥಲದಲ್ಲಿದ್ದು ಸ್ಪರ್ಶಕ್ಕೂ ದೃಷ್ಟಿಗೂ ವಿಷಯವಾದ ಲಿಂಗವು ಇಲ್ಲಿ ಕೇಳುವುದಾಯಿತು. ಕಡೆಯಲ್ಲಿ, ನಡೆಯು ನುಡಿಯನ್ನು ಹಿಂಬಾಲಿಸದಿದ್ದರೆ ಒಲಿಯುವುದೆಂತೆಂಬ ಪ್ರಶ್ನೆ. ಶಾಲೆಗಳಲ್ಲಿ ಉಪಮಾಲಂಕಾರಕ್ಕೆ ಉದಾಹರಣೆಯೆಂದು ಇದನ್ನು ಓದಿಸಿ ಈ ಪ್ರಶ್ನೆಗೆ ಮೊದಲೇ ನಿಲ್ಲಿಸುವುದುಂಟು. ಹಾಗೆ ನಿಲ್ಲಿಸಿದರೆ ಉಳಿಯುವುದು ಆಭರಣದ ಪಟ್ಟಿ ಮಾತ್ರ.

ಇದು ಬರಿಯ ಅಲಂಕಾರವಲ್ಲವೆಂಬುದಕ್ಕೆ ಷಟ್‌ಸ್ಥಲಶಾಸ್ತ್ರದಲ್ಲಿಯೇ ಆಧಾರವಿದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಗಂಧ, ರಸ, ರೂಪ, ಸ್ಪರ್ಶ, ಶಬ್ದ, ತೃಪ್ತಿಗಳು ಕ್ರಮವಾಗಿ ಇವುಗಳಿಗೆ ಅರ್ಪಿತ. ಇಷ್ಟಕ್ಕೇ ಬಿಟ್ಟಿದ್ದರೆ ಆರು ಬಾಗಿಲುಗಳ ಮನೆಯಂತಾಗುತ್ತಿತ್ತು. ಒಂದರಿಂದ ಬಂದದ್ದು ಇನ್ನೊಂದಕ್ಕೆ ತಿಳಿಯದು. ಆದರೆ ಪ್ರತಿಯೊಂದು ಲಿಂಗದಲ್ಲಿಯೂ ಆರೂ ಲಿಂಗಗಳುಂಟೆಂದು ಶರಣರು ಎಣಿಸಿದರು. ಆರಾರು ಮೂವತ್ತಾರು, ಮತ್ತೆ ಆರರಿಂದ ಗುಣಿಸಲು 216 ಸಕೀಲಗಳು. ಚೆನ್ನಬಸವಣ್ಣನವರ ಹೆಸರಿನಲ್ಲಿರುವ ಒಂದು ಕೃತಿಗೆ ‘ಮಿಶ್ರಾರ್ಪಣ’ವೆಂದೇ ಹೆಸರು.

ಗಣಿತವನ್ನು ಕಂಡು ಬೆದರಬೇಕಾಗಿಲ್ಲ. ಮಾವಿನ ಹಣ್ಣೊಂದನ್ನು ಕೈಯಲ್ಲಿ ಹಿಡಿಯಿರಿ. ಬಣ್ಣವೇ ನಾಲಗೆಯಲ್ಲಿ ನೀರೂರಿಸುತ್ತದೆ. ಮೃದುತ್ವವು ಸಿಹಿಯನ್ನು ಮುಂದಾಗಿ ಹೇಳುತ್ತದೆ. ನೆಗಡಿಯಾದವನಿಗೆ ಗಂಧ ತಪ್ಪಿದ ಕಾರಣ ರಸವೂ ಅರ್ಧ ತಪ್ಪುತ್ತದೆ. ಗಂಧದಲ್ಲಿ ರಸವಿದೆ, ರೂಪದಲ್ಲಿ ಸ್ಪರ್ಶವಿದೆ. ಸವಿನುಡಿಯೆಂಬ ಮಾತು ಸುಳ್ಳಾಗದಿರುವುದೂ ಇದರಿಂದಲೇ. ಉಲ್ಮನ್ನರ ಏಣಿಯಲ್ಲಿ ಸ್ಪರ್ಶವು ಕಟ್ಟಕಡೆಯ ಮೆಟ್ಟಿಲು. ಶರಣರಲ್ಲಿ ಅದು ರೂಪಕ್ಕಿಂತ ಮೇಲಿನದು. ಕೈಯಲ್ಲಿ ಲಿಂಗ ಹಿಡಿದವರ ಎಣಿಕೆ ಹಾಗಿದ್ದರೆ ಆಶ್ಚರ್ಯವೇನು!

ಇಂತಹ ಬೆರಕೆಯನ್ನು ಕಲ್ಲಿನಲ್ಲಿ ಕಾಣಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಕುಡತಿನಿಯ ಬಳಿಯ ಬೂದಿದಿಬ್ಬವು ಹಸುಗಳ ಸಗಣಿ ಸುಟ್ಟು ಉಳಿದ ನವಶಿಲಾಯುಗದ ಕುರುಹು. ಅಲ್ಲಿಂದ ಹೊರಟು ಬಳ್ಳಾರಿಯನ್ನು ದಾಟಿದರೆ ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟ. ಕಪ್ಪು ಡಾಲರೈಟ್ ಬಂಡೆಗಳ ಮೇಲೆ ನೀಳಕೊಂಬಿನ ಎತ್ತುಗಳ ಚಿತ್ರಗಳನ್ನು ಆ ದನಗಾಹಿಗಳು ಕುಟ್ಟಿ ಮೂಡಿಸಿದರು. ಎಫ್. ಫಾಸೆಟ್ 1892ರಲ್ಲಿಯೇ ಇವುಗಳ ವಿಷಯ ಬರೆದರು. ಅಲ್ಲಿಯ ಕೆಲವು ಬಂಡೆಗಳು ಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ಮೊಳಗುತ್ತವೆ. ತಟ್ಟಿ ತಟ್ಟಿ ಬಿದ್ದ ಕುಳಿಗಳು ಇಂದಿಗೂ ಇವೆ. ಚಿತ್ರವನ್ನು ನೋಡುವುದಷ್ಟೇ ಅಲ್ಲ, ಕುಟ್ಟುವ ಕೈಯೂ ಮೊಳಗುವ ದನಿಯೂ ಅಂದಿನವರಿಗೆ ಮುಖ್ಯವಾಗಿದ್ದಿರಬೇಕೆಂದು ಸಂಶೋಧಕಿ ನಿಕೋಲ್ ಬೊಯಿವಿನ್ 2004ರಲ್ಲಿ ಪ್ರತಿಪಾದಿಸಿದರು. ಆ ವೇಳೆಗೆ ಕಲ್ಲುಗಣಿಯ ಕೆಲಸದಿಂದ ಬೆಟ್ಟಕ್ಕೆ ಹಾನಿಯೂ ತಟ್ಟಿತ್ತು. ಒಡೆದ ಬಂಡೆಯ ಎತ್ತು ಛಾಯಾಚಿತ್ರದಲ್ಲಿ ಉಳಿದೀತು, ದನಿ ಉಳಿಯದು. ನೋಡಹೋಗುವವರು ಕಿವಿ ತೆರೆದು ಹೋಗಲಿ, ಆದರೆ ಚಿತ್ರವಿರುವ ಬಂಡೆಯನ್ನು ಪರೀಕ್ಷೆಗೆಂದು ಬಡಿಯದಿರಲಿ.