ಚಿತ್ರದಲ್ಲಿ ಬಣ್ಣವನ್ನು ಬದಲಿಸುವ ಕ್ರಮ

ಪುತ್ತೂರು, ಸುಳ್ಯ, ಕಡಬಗಳ ತೋಟಗಳಲ್ಲಿ ಅಡಿಕೆಯ ಗೊನೆಯನ್ನು ನೋಡದ ಮಕ್ಕಳಿಲ್ಲ. ಹಸುರು ಕಾಯಿಯು ಹಣ್ಣಾಗಿ ಕಿತ್ತಳೆ ವರ್ಣವನ್ನು ತಾಳಿದ ಮೇಲೂ ಬಿಸಿಲು ಬಿದ್ದ ಮಗ್ಗುಲು ಹೊಳೆಯುವುದು, ಅಡಿಯ ಮಗ್ಗುಲು ನೆರಳಿನಲ್ಲಿರುವುದು. ಬಣ್ಣ ಬದಲಾದರೂ ಬೆಳಕು ನೆರಳುಗಳ ಕ್ರಮ ಬದಲಾಗದು. ಗಣಕಯಂತ್ರದಲ್ಲಿ ಛಾಯಾಚಿತ್ರವನ್ನು ತಿದ್ದುವವರು ಮೊದಲು ತಿಳಿಯತಕ್ಕ ತತ್ವವು ಇದೇ.

ಹಳದಿ ಸೀರೆಯನ್ನು ನೀಲಿ ಮಾಡಬೇಕೆಂದಿಟ್ಟುಕೊಳ್ಳೋಣ. ಅದರ ಮೇಲೆ ನೀಲಿಯನ್ನು ಬಳಿದುಬಿಟ್ಟರೆ ನೆರಿಗೆಗಳು ಅಳಿದು, ಕಾಗದವನ್ನು ಅಂಟಿಸಿದಂತೆ ಕಾಣುವುದು. ಆದುದರಿಂದ ಸೀರೆಯಷ್ಟನ್ನೇ ಆರಿಸಿ, ಆಯ್ದ ಭಾಗದ ಅಂಚನ್ನು ತುಸು ಮೃದುಗೊಳಿಸಿ, ಬೇರೊಂದು ಪದರದಲ್ಲಿ ನೀಲಿಯನ್ನು ತುಂಬಬೇಕು. ಫೋಟೋಶಾಪಿನಲ್ಲಿ ಆ ಪದರವನ್ನು ‘ಕಲರ್’ ಎಂಬ ವಿಧಕ್ಕೆ ಇಟ್ಟರೆ, ಕೆಳಗಿನ ಬೆಳಕು ನೆರಳು ಉಳಿದು ವರ್ಣ ಮಾತ್ರ ಬದಲಾಗುವುದು. ಹಣ ಕೊಡದೆ ದೊರೆಯುವ ಗಿಂಪಿನಲ್ಲಿಯೂ ಈ ಅನುಕೂಲವುಂಟು. ಆದರೆ ಹಳದಿಯು ಸ್ವಭಾವತಃ ತಿಳಿಯಾದ ವರ್ಣ, ನೀಲಿಯು ಗಾಢವಾದುದು. ಸೀರೆಯ ಬೆಳಕನ್ನು ಸ್ವಲ್ಪ ತಗ್ಗಿಸದಿದ್ದರೆ ನೀಲಿಯು ಪೇಲವವಾಗಿ ತೋರುವುದು. ಅಚ್ಚ ಬಿಳಿಯ ಬಟ್ಟೆಯು ‘ಕಲರ್’ ವಿಧದಲ್ಲಿ ಬಣ್ಣವನ್ನೇ ಹಿಡಿಯದು. ಅದಕ್ಕೆ ‘ಮಲ್ಟಿಪ್ಲೈ’ ವಿಧವು ತಕ್ಕದು. ಸೀರೆಯ ಹಳದಿ ಛಾಯೆಯು ಕೈಯ ಮೇಲೆ, ಗಲ್ಲದ ಕೆಳಗೆ ಬಿದ್ದಿದ್ದರೆ ಅದನ್ನೂ ತಿದ್ದಬೇಕು. ಇಲ್ಲವಾದರೆ ಕಣ್ಣು ಮೋಸವನ್ನು ಕಂಡುಹಿಡಿಯುವುದು.

ಕಪ್ಪುಬಿಳುಪಿನ ಹಳೆಯ ಚಿತ್ರಗಳಿಗೂ ಹೀಗೆಯೇ ಬಣ್ಣ ಕೊಡುವುದುಂಟು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜ್‌ಕುಮಾರರು ನಟಿಸಿದ ‘ಸತ್ಯ ಹರಿಶ್ಚಂದ್ರ’ ಚಲನಚಿತ್ರವು 1965ರಲ್ಲಿ ಕಪ್ಪುಬಿಳುಪಿನಲ್ಲಿ ತೆರೆಗೆ ಬಂದು, 2008ರಲ್ಲಿ ಬಣ್ಣವನ್ನು ಧರಿಸಿ ಪುನಃ ಬಂದಿತು. ಆದರೆ ಕಪ್ಪುಬಿಳುಪಿನ ಚಿತ್ರವು ಬೆಳಕಿನ ಪ್ರಮಾಣವನ್ನಷ್ಟೇ ಉಳಿಸಿಕೊಳ್ಳುವುದು. ಕೆಂಪು ಸೀರೆಯೂ ಹಸುರು ಸೀರೆಯೂ ಅದರಲ್ಲಿ ಒಂದೇ ಬೂದಿಬಣ್ಣವಾಗಿರಬಹುದು. ನಂತರ ಸೇರಿಸಿದ ಬಣ್ಣವು ಸೇರಿಸಿದವರ ಆಯ್ಕೆಯೇ ಹೊರತು ಸಾಕ್ಷ್ಯವಲ್ಲ. ಆದಕಾರಣ ಅಜ್ಜಿಯ ಚಿತ್ರಕ್ಕೆ ಬಣ್ಣ ಕೊಡುವವರು ಮೂಲವನ್ನು ಜೋಪಾನವಾಗಿಟ್ಟು, ಹೊಸದರ ಅಡಿಯಲ್ಲಿ ‘ಬಣ್ಣವು ಅನಂತರ ಸೇರಿಸಿದ್ದು’ ಎಂದು ಬರೆಯತಕ್ಕದ್ದು.

ತಾಯಿತಂದೆಗಳಿಗೆ ಇನ್ನೊಂದು ಮಾತು. ಸೀರೆಯ ಬಣ್ಣವನ್ನು ಬದಲಿಸುವ ಉಪಾಯದಿಂದಲೇ ಮಗಳ ಮೈಬಣ್ಣವನ್ನೂ ತಿಳಿಗೊಳಿಸಿ ವರನ ಮನೆಗೆ ಕಳುಹಿಸಬಹುದು. ಹಾಗೆ ಮಾಡಿದಲ್ಲಿ ವಂಚನೆಯಾಗುವುದು ನೋಡುವವರಿಗೆ ಮಾತ್ರವಲ್ಲ. ತನ್ನ ನಿಜವಾದ ಮುಖವು ಸಾಲದೆಂಬ ಪಾಠವನ್ನು ಮಗಳು ಹೆತ್ತವರಿಂದಲೇ ಕಲಿಯುವಳು. ಸೀರೆಗೆ ಯಾವ ಬಣ್ಣವಾದರೂ ಸಲ್ಲುವುದು. ಮಗಳ ಮುಖವನ್ನು ಇದ್ದ ಹಾಗೆಯೇ ಬಿಡಿರಿ.