ಮಣೆಯಾಟಗಳ ಮೇಳದಲ್ಲಿ ಒಂದು ದಿನ

ಆಟವೆಂದೊಡನೆ ನಮ್ಮ ಕಾಲೇಜಿನ ಮಿತ್ರರಿಗೆ ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲುಗಳು ನೆನಪಾಗುವುದು ಸಹಜ. ಕುಳಿತು ಆಡುವ ಆಟವನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ನಾನೂ ಆ ಪಂಗಡಕ್ಕೇ ಸೇರಿದವನಾಗಿದ್ದೆ. ಕಳೆದ ವರ್ಷ ಮೈಸೂರಿನಲ್ಲಿ ಮಣೆಯಾಟಗಳ ಮೇಳವೊಂದಕ್ಕೆ ಹೋಗಿ ಇಡೀ ದಿನ ಆಡಿ ಬಂದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಇದರಲ್ಲಿ ಸ್ವಲ್ಪ ಲೆಕ್ಕವೂ ಬರುತ್ತದೆ, ಓದುಗರು ಬೇಸರಿಸಬಾರದು.

ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಹೆಮ್ಮೆಯಲ್ಲಿ, ಬಿ.ಎ. ಸೇರಿದ ವರ್ಷ, ಅಟ್ಟದ ಮೇಲಿದ್ದ ಅಜ್ಜಿಯ ಅಳಗುಳಿ ಮಣೆಯನ್ನು ಹಳೆಯ ಸಾಮಾನು ಕೊಳ್ಳುವವನಿಗೆ ಹಾಕಿಬಿಟ್ಟೆ. ಅಜ್ಜಿಗೆ ಅಕ್ಷರ ಬಾರದು. "ಹೊತ್ತು ಹೋಗದವರ ಆಟ, ಅಜ್ಜಿ" ಎಂದಿದ್ದೆ. ಅವಳು ಏನೂ ಹೇಳಲಿಲ್ಲ.

ಇಂಥ ಮೇಳಕ್ಕೆ ಮೈಸೂರು ತಕ್ಕ ಸ್ಥಳ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರು. ಅವರು ರೂಪಿಸಿದ ಆಟಗಳ ಚಿತ್ರಗಳು ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿವೆ. ಚದುರಂಗದ 64 ಮನೆಗಳಲ್ಲಿ ಯಾವುದನ್ನೂ ಎರಡು ಸಲ ತುಳಿಯದೆ ಕುದುರೆಯನ್ನು ಸುತ್ತಿಸುವ ಕ್ರಮಗಳನ್ನೂ ಅವರು ರಚಿಸಿದರು. ನಮ್ಮ ಕಾಲದಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ'ವೆಂಬ ಪ್ರದರ್ಶನಗಳಿಂದ ಅದೇ ಊರಿನಲ್ಲಿ ಈ ಆಟಗಳಿಗೆ ಮತ್ತೆ ಜೀವ ತುಂಬಿದೆ.

ಮೇಳದಲ್ಲಿ ಮೊದಲು ಹುಲಿ-ಕುರಿ ಆಡಿದೆ. ಮೂರು ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಕುರಿಗೆ ಒತ್ತಾಗಿ ನಿಂತು ದಾರಿ ಕಟ್ಟುವುದೊಂದೇ ಬಲ. ಹುಲಿಯ ಪಕ್ಷ ಹಿಡಿದರೆ ಗೆಲುವು ನಿಶ್ಚಯವೆಂದುಕೊಂಡು ಕುಳಿತೆ. ಎದುರಿಗಿದ್ದ ಎಂಟನೆಯ ತರಗತಿಯ ಹುಡುಗ ನನ್ನ ಮೂರು ಹುಲಿಗಳನ್ನೂ ಕಟ್ಟಿಹಾಕಿದ.

ಬಳಿಕ ಚೌಕಾಬಾರ. ಐದೈದರ ಚೌಕ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಎರಡು ಕಡೆಗೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ, ಬೀಳುವ 16 ಬಗೆಗಳಲ್ಲಿ ಎರಡು ಬರುವುದು ಆರು ಬಗೆ, ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೂ ಒಂದೇ. ಸರಾಸರಿ ಎರಡೂವರೆ. ಕಾಯಿ ತನ್ನ ಮನೆಯಿಂದ ಹೊರಟು ನಡುಮನೆಯಲ್ಲಿ ಹಣ್ಣಾಗಲು 24 ಹೆಜ್ಜೆ. (ನಿಜವಾದ ಕವಡೆ ನಾಣ್ಯದಂತಲ್ಲ, ಅದಕ್ಕೆ ತನ್ನದೇ ವಾಲಿಕೆಯಿದೆ. ಆದ್ದರಿಂದಲೇ ಹಳಬರು ಅವರವರ ಕವಡೆಯನ್ನೇ ತರುತ್ತಾರೆ.) ನಮ್ಮ ಹಾಸ್ಟೆಲಿನವರು ಮೊಬೈಲಿನಲ್ಲಿ ಆಡುವ ಲೂಡೋ ಕೂಡ ಈ ಮನೆತನದ್ದೇ, ನಮ್ಮ ಪಚ್ಚೀಸಿಯ ರೂಪಾಂತರವಾದ ಅದಕ್ಕೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು.

ಮಧ್ಯಾಹ್ನ ಊಟದ ಮೇಲೆ ಅಳಗುಳಿ ಮಣೆಯ ಮುಂದೆ ಕುಳಿತೆ. ಎದುರಿಗೆ ಅಜ್ಜಿಯ ವಯಸ್ಸಿನ ಒಬ್ಬ ತಾಯಿ. ಏಳೇಳರಂತೆ ಎರಡು ಸಾಲು, 14 ಗುಳಿ, ಗುಳಿಗೆ ನಾಲ್ಕು ಹುಣಸೆಬೀಜ, ಒಟ್ಟು 56. ಒಂದು ಗುಳಿಯ ಬೀಜವನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯನ್ನೆತ್ತಿ ಮುಂದುವರಿಯಬೇಕು. ಎತ್ತಬೇಕಾದ ಗುಳಿಯೇ ಬರಿದಾಗಿದ್ದರೆ ಅದನ್ನು ಸವರಿ, ಆಚೆಯ ಗುಳಿಯ ಬೀಜವನ್ನು ಗೆದ್ದುಕೊಳ್ಳಬೇಕು. ನಾವು ಆಡಿದ್ದು ಈ ಕ್ರಮದಲ್ಲಿ.

ಮೊದಲ ಆಟ ನನ್ನದು. ಯಾವ ಗುಳಿಯಿಂದ ಎತ್ತಲಿ ಎಂದು ಗಲ್ಲಕ್ಕೆ ಕೈಯಿಟ್ಟು ಬಹಳ ಹೊತ್ತು ಚಿಂತಿಸಿದೆ. ಆ ತಾಯಿ ನಕ್ಕು, "ಯಾಕಪ್ಪ ಅಷ್ಟು ಯೋಚನೆ? ಎತ್ತು, ಎತ್ತು" ಎಂದರು. ಎತ್ತಿದೆ, ಆರು ಬೀಜ ಸಿಕ್ಕಿದವು. ಮುಂದೆ ನಾನು ಸೋತದ್ದನ್ನು ವಿಸ್ತರಿಸುವುದಿಲ್ಲ. ಮುಂದಿನ ಬೀಜ ಎಲ್ಲಿ ಮುಗಿಯುವುದೆಂದು ಅವರು ಕಣ್ಣಿನಲ್ಲೇ ಎಣಿಸುತ್ತಿದ್ದರು. ನಾನು ಬೆರಳಿನಿಂದ ಎಣಿಸುತ್ತಿದ್ದೆ.

ಅವರ ನಗು ನನ್ನನ್ನು ಬಿಡಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ನೋಟು ಪುಸ್ತಕದ ಹಿಂದಿನ ಹಾಳೆಯಲ್ಲಿ 14 ಸೊನ್ನೆ ಬರೆದು ಆಟ ನಡೆಸಿದೆ. ಏಳು ಸಲ ಎತ್ತಿ, 28 ಬೀಜ ಹಂಚಿದ ಮೇಲೆ ಬರಿದಾದ ಗುಳಿ ಬರುತ್ತದೆ, ಅದರಾಚೆ ಆರು. ಬೇರೊಂದು ಗುಳಿಯಿಂದ ತೊಡಗಿದೆ, ಮತ್ತೆ ಆರು. ಆಗ ಹೊಳೆಯಿತು: ಎಲ್ಲ ಗುಳಿಗಳಲ್ಲೂ ನಾಲ್ಕೇ ಬೀಜವಿದ್ದು, ದಾರಿ ಸುತ್ತು ದಾರಿಯಾಗಿರುವಾಗ, ಎಲ್ಲಿಂದ ಹೊರಟರೂ ಫಲ ಒಂದೇ ಆಗಬೇಕಲ್ಲವೆ! ಯೋಚನೆಗೆ ಎಡೆಯಿರುವುದು ಎರಡನೆಯ ಆಟದಿಂದ.

ಊರು ತಲಪಿದಾಗ ರಾತ್ರಿ ಒಂಬತ್ತು. ಕೊಂಡು ತಂದಿದ್ದ ಮಣೆಯನ್ನು ಅಜ್ಜಿಯ ಮುಂದಿಟ್ಟೆ. ಅವಳು ಗುಳಿಗಳನ್ನು ಸವರಿ ನೋಡಿ, "ನಮ್ಮದು ಹಲಸಿನ ಮರದ್ದು, ಇದಕ್ಕಿಂತ ಭಾರ ಇತ್ತು" ಎಂದಳು. ನಾನು ತಲೆ ತಗ್ಗಿಸಿ ಬೀಜ ತುಂಬಿದೆ.

"ಅಜ್ಜಿ, ಮೊದಲು ಯಾವ ಗುಳಿಯಿಂದ ಎತ್ತಬೇಕು?" ಎಂದು ಕೇಳಿದೆ, ನೋಟು ಪುಸ್ತಕ ಕೈಯಲ್ಲೇ ಇತ್ತು.

"ಯಾವುದಾದರೆ ಏನ್ ಮಗ, ಎಲ್ಲಿಂದ ಎತ್ತಿದ್ರೂ ಆರೇ" ಎಂದು ಅಜ್ಜಿ ಕಾಲು ಮಡಿಸಿ ಕುಳಿತು, ತನ್ನ ಎದುರಿನ ಗುಳಿಗೆ ಕೈ ಹಾಕಿದಳು.